ದಸ್ತಿಯ ಕೆಳಗೊಂದು ಚಮಕಿ

"ಕಾಗದದ ತುಕಡಿ ಒಯ್ದ ಮನಷ್ಯಾ ಎಂಟ ದಿನದಾಗ ಮತ್ತ ಬರ್ತಾನಂದ್ರ ನಾ ನಂಬಂಗಿಲ್ಲ ಬೇಟಾ," ಎಂದರು ಖುರ್ಷಿದ ಬೇಗಂ. "ಪತಂಗದ್ದು ಬ್ಯಾರೆ. ಪತಂಗ ಹರೀತದ, ಗಿರಾಕಿ ಬರ್ತಾನ. ಇದು ಹರಿಯಂಗೂ ಇಲ್ಲ, ಮುರಿಯಂಗೂ ಇಲ್ಲ."

ಗೋರಖನಾಥ ಬ್ಯಾಗಿನಿಂದ ತೆಗೆದ ಡಬ್ಬಿಯನ್ನು ಕೌಂಟರಿನ ಮೇಲೆ ಮೆಲ್ಲಗೆ ಸರಿಸಿದ. "ಹರಿಯಂಗಿಲ್ಲ ಖರೆ ಆಪಾ. ಆದ್ರ ಮುಗಿಯಂಗೂ ಇಲ್ಲರಿ."

ಬೀದರಿನ ಚೌಬಾರಾ ಗೋಪುರದಿಂದ ಮದರಸಾದ ಕಡೆ ಹೋಗುವ ದಾರಿಯಲ್ಲಿತ್ತು ಆ ಅಂಗಡಿ. ಬೋರ್ಡಿನ ಮೇಲೆ 'ಹಾಬಿ ಸೆಂಟರ್' ಎಂದಿದ್ದರೂ ಊರಿಗೆ ಅದು ಪತಂಗದ, ಅಂದರೆ ಗಾಳಿಪಟದ, ದುಕಾನು. ಗಂಡ ತೀರಿಕೊಂಡ ಮೇಲೆ ಬೇಗಂ ಅದನ್ನು ನಡೆಸಿಕೊಂಡು ಬಂದಿದ್ದರು: ಪತಂಗ, ಅದರ ಮಾಂಜಾ ದಾರ, ಕೇರಂ ಬೋರ್ಡು, ಸ್ಟ್ಯಾಂಪ್ ಆಲ್ಬಮ್ಮು, ಅಂಟು ಹಚ್ಚಿ ಜೋಡಿಸುವ ಪ್ಲಾಸ್ಟಿಕ್ ವಿಮಾನ. ಆ ವರ್ಷ ಮಳೆ ಮತ್ತೆ ಕೈಕೊಟ್ಟಿತ್ತು. ಕಾರಂಜಾ ಡ್ಯಾಮಿನ ತಳ ಕಾಣತೊಡಗಿತ್ತು. ಟ್ಯಾಂಕರಿನ ನೀರಿಗೆ ದುಡ್ಡು ಹಾಕುವ ಮನೆಯವರು ಕೇರಂ ಬೋರ್ಡು ಕೊಳ್ಳುವುದಿಲ್ಲ.

ಗೋರಖನಾಥ ಹೈದರಾಬಾದಿನ ಒಂದು ಕಂಪನಿಯ ಸೇಲ್ಸ್‌ಮನ್. ಬೀದರ, ಭಾಲ್ಕಿ, ಔರಾದ ಅವನ ಲೈನು. ಮಾರುತ್ತಿದ್ದದ್ದು 'ಬೀಸ್ಟ್ ಫೋರ್ಟ್' ಎಂಬ ಕಾರ್ಡ್ ಆಟ. ಆನೆ, ಚಿರತೆ, ರೆಕ್ಕೆಯ ಹಾವು, ಕೋಟೆ ಕಾಯುವ ಭೂತ, ಹೀಗೆ ನೂರಾರು ಚಿತ್ರ. ಪ್ಯಾಕೆಟ್ಟು ಮುಚ್ಚಿರುತ್ತದೆ, ಒಳಗೆ ಯಾವುದಿದೆ ಎಂದು ಮಾರುವವನಿಗೂ ಗೊತ್ತಿಲ್ಲ, ಕೊಳ್ಳುವವನಿಗೂ ಗೊತ್ತಿಲ್ಲ. ಅಪರೂಪಕ್ಕೊಂದು ಥಳಥಳ ಹೊಳೆಯುವ ಕಾರ್ಡು ಸಿಗುತ್ತದೆ. ಅದಕ್ಕೆ ಹುಡುಗರು ಇಟ್ಟ ಹೆಸರು ಚಮಕಿ.

ಅವನು ಬೇಗಂಗೆ ಬಿಡಿಸಿ ಹೇಳಿದ. ಕೇರಂ ಬೋರ್ಡು ಒಯ್ದವನು ಹತ್ತು ವರ್ಷ ಈ ಕಡೆ ಮುಖ ಹಾಕುವುದಿಲ್ಲ, ಕಾರ್ಡು ಒಯ್ದವನು ಮುಂದಿನ ಶುಕ್ರವಾರ ಬರುತ್ತಾನೆ. ಡಬ್ಬಿಗೆ ಬೇಕಾದದ್ದು ಅಂಗೈಯಷ್ಟು ಜಾಗ. ಕೆಡುವುದಿಲ್ಲ, ಹಳಸುವುದಿಲ್ಲ. ಇನ್ನೊಂದು ವಿಷಯವೆಂದರೆ ಒಬ್ಬನೇ ಆಡಲು ಬರುವುದಿಲ್ಲ, ಹಾಗಾಗಿ ಒಬ್ಬ ಗಿರಾಕಿ ಇನ್ನೊಬ್ಬ ಗಿರಾಕಿಯನ್ನು ತಾನೇ ಹುಡುಕಿಕೊಂಡು ಬರುತ್ತಾನೆ.

"ಹುಡುಕೊಂಡು ಬಂದು ಎಲ್ಲಿ ಕೂಡ್ತಾರ್ರಿ?" ಎಂದು ಕೌಂಟರಿನ ಹಿಂದಿನಿಂದ ಒಂದು ದನಿ ಕೇಳಿತು. "ನಿಮ್ಮ ಬ್ಯಾಗಿನ್ಯಾಗೇನು?"

ಗೋರಖನಾಥ ಆಗ ಅವಳನ್ನು ನೋಡಿದ. ಸ್ಟ್ಯಾಂಪ್ ಆಲ್ಬಮ್ಮುಗಳ ಹಿಂದೆ, ಗಲ್ಲಕ್ಕೆ ಕೈ ಕೊಟ್ಟುಕೊಂಡು, ಅವನ ಕಿಸೆಯ ಕಡೆ ನೋಡುತ್ತ ಕೂತಿದ್ದಳು. ಅವನೂ ಬಗ್ಗಿ ನೋಡಿಕೊಂಡ. ಕ್ಯಾಪಿಲ್ಲದ ಪೆನ್ನು ಕಿಸೆಯ ತುಂಬ ನೀಲಿ ಕಾರಿತ್ತು. ನಗು ತಡೆದುಕೊಂಡ ಅವಳ ಕಣ್ಣುಗಳಲ್ಲಿ ಆ ನೀಲಿಯೇ ಮಿಂಚಿದಂತೆ ಅವನಿಗನ್ನಿಸಿತು.

ಅವಳು ಶಾಲು. ಅಜ್ಜಿಯ ಹೆಸರು ಪೂರ್ತಿ ಇಟ್ಟದ್ದರಿಂದ ಬಿ.ಕಾಂ. ಸರ್ಟಿಫಿಕೇಟಿನಲ್ಲಿ ಶಾಲುಬಾಯಿ. ತಂದೆ ವೈಜಿನಾಥ ಕಾಳಿನ ಪೇಟೆಯಾದ ಗಾಂಧಿ ಗಂಜಿನಲ್ಲಿ ತೊಗರಿ, ಉದ್ದು ತೂಗುವವರು. ಎರಡು ವರ್ಷದಿಂದ ಲೆಕ್ಕ, ಆರ್ಡರು, ಗಿರಾಕಿ ಎಲ್ಲ ಅವಳ ಕೈಯಲ್ಲಿ. ಬೇಗಂ ಮಾತಾಡುವುದಕ್ಕೆ, ಶಾಲು ದುಕಾನು ನಡೆಸುವುದಕ್ಕೆ ಎಂಬಂತೆ ಇತ್ತು.

"ಅದೇ ಹೇಳಾಂವ ಇದ್ದೆರಿ," ಎಂದ ಗೋರಖ. "ಒಂದು ಟೇಬಲ್ ಬೇಕು. ಟೇಬಲ್ ಇಲ್ದ ಮಾರಿದ್ರ ಇದು ಖಾಲಿ ಕಾಗದಾನೇ. ಟೇಬಲ್ ಇದ್ರ ಮಂದಿ ಕೂಡ್ತಾರ, ಕೂತವರು ಕೊಳ್ತಾರ."

ಬೇಗಂ ಮೂಲೆಯಲ್ಲಿದ್ದ ಹಳೆ ಟೇಬಲ್ಲನ್ನು ನೋಡಿದರು. ಅವರ ಗಂಡ ಪತಂಗಕ್ಕೆ ಕಡ್ಡಿ ಕಟ್ಟುತ್ತಿದ್ದ ಟೇಬಲ್ಲು. ಸಂಕ್ರಾಂತಿಯ ತನಕ ನೋಡುವುದಾಗಿ ಹೇಳಿದರು. ನಡೆದರೆ ನಡೆಯಲಿ. ಇಲ್ಲವಾದರೆ ಶಟರ್ ಎಳೆದು ಕಲಬುರಗಿಗೆ ಮಗಳ ಮನೆಗೆ ಹೋಗುತ್ತಾರೆ, ಜಾಗ ಮೊಬೈಲಿನವರಿಗೆ.

ಶಾಲು ತಲೆ ಎತ್ತಲಿಲ್ಲ. ಆದರೆ ಆಲ್ಬಮ್ಮಿನ ಮೇಲಿದ್ದ ಅವಳ ಕೈ ನಿಂತುಬಿಟ್ಟಿತು. ಗಂಜಿನಲ್ಲಿ ಮಾಲು ಬರುವುದು ಕಡಿಮೆಯಾಗಿ, ಅಪ್ಪ ಹೈದರಾಬಾದಿನ ಗೋದಾಮಿನ ಕೆಲಸದ ಮಾತಾಡುತ್ತಿದ್ದರು. ಈ ದುಕಾನು ಮುಚ್ಚಿದರೆ ಅವಳೂ ಗಂಟು ಕಟ್ಟಬೇಕು. ಇದೊಂದು ಬಾಗಿಲೇ ಅವಳನ್ನು ಬೀದರಿನಲ್ಲಿ ಹಿಡಿದಿಟ್ಟದ್ದು.

ಗೋರಖನಿಗೆ ಇದೆಲ್ಲ ಆಮೇಲೆ ತಿಳಿಯಿತು. ಅವತ್ತು ಅವನಿಗೆ ತಿಳಿದದ್ದು, ಮುಂದಿನ ಶುಕ್ರವಾರ ಬರಬೇಕಾದ ಮೊದಲ ಗಿರಾಕಿ ತಾನೇ ಎಂಬುದು.

ಶುಕ್ರವಾರ ಅವನು ಹೊಸ ಅಂಗಿ ಹಾಕಿಕೊಂಡು ಬಂದ. ಪೆನ್ನಿಗೆ ಕ್ಯಾಪಿತ್ತು.

"ಕ್ಯಾಪ್ ಸಿಕ್ತೇನ್ರಿ?" ಎಂದು ಮಾತ್ರ ಕೇಳಿದಳು ಶಾಲು.

ಮೊದಲ ಗಿರಾಕಿಗಳು ಇಂಜಿನಿಯರಿಂಗ್ ಕಾಲೇಜಿನ ಹುಡುಗರು. ಆಮೇಲೆ ಬಂದವರು ಎದುರಿನ ಟೇಲರ್ ಬದ್ರೋದ್ದೀನ. ಐವತ್ತು ದಾಟಿದ ಮನುಷ್ಯ. ಆಟ ಬೇಡ, ಬರೇ ಆನೆ ಬೇಕು ಎಂದು ಪ್ಯಾಕೆಟ್ಟು ಒಡೆಯಲು ಕೂತವರು, ಪ್ರತಿ ಪ್ಯಾಕೆಟ್ಟಿನಲ್ಲೂ ಕಪ್ಪೆ ಬಂದು, ಆ ಕಪ್ಪೆಗಳನ್ನು ಆನೆಗೆ ಬದಲಾಯಿಸಿಕೊಳ್ಳಲು ದಿನವೂ ರಸ್ತೆ ದಾಟತೊಡಗಿದರು. ಪ್ಯಾಂಟು ಹೊಲಿಯಲು ಕೊಟ್ಟವರು ಅವರನ್ನು ಹುಡುಕಿಕೊಂಡು ಇಲ್ಲಿಗೇ ಬರುತ್ತಿದ್ದರು. ಬಂದವರು ಒಂದು ಪ್ಯಾಕೆಟ್ಟು ಒಡೆದು ನೋಡುತ್ತಿದ್ದರು. ಗೋರಖ ಹೇಳಿದ ವ್ಯಾಪಾರ ಹಾಗೇ ನಡೆಯತೊಡಗಿತು.

ಶಾಲು ಆಟ ಕಲಿತಳು. ಕಲಿಸಿದವನು ಗೋರಖನೇ. ತಿಂಗಳೊಳಗೆ ಅವನನ್ನೇ ಸೋಲಿಸುವ ಮಟ್ಟಕ್ಕೆ ಬಂದಳು. ಸೋಲಿಸುವ ಮುಂಚೆ ಒಂದು ಸಲ ರೆಪ್ಪೆ ಎತ್ತಿ ನೋಡುತ್ತಿದ್ದಳು. ಆ ನೋಟ ಬಂತೆಂದರೆ ತನ್ನ ಕೋಟೆ ಬಿತ್ತು ಎಂದು ಅವನಿಗೆ ಗೊತ್ತು. ಅದಕ್ಕಾಗಿಯೇ ಅವನು ಕೆಟ್ಟದಾಗಿ ಆಡುತ್ತಾನೆಂದು ಬೇಗಂ ಒಂದು ದಿನ ಪಾನ್ ಮಡಚುತ್ತ ಹೇಳಿದರು. ಇಬ್ಬರೂ ಕಾರ್ಡು ಕಲೆಸುವುದರಲ್ಲಿ ಮುಳುಗಿದವರಂತೆ ನಟಿಸಿದರು.

ಅವನ ಬ್ಯಾಗಿನಲ್ಲಿ ಒಂದು ಹಸಿರು ನೀರಿನ ಬಾಟಲಿ ಇರುತ್ತಿತ್ತು. ಬೆಳಗಿನ ಬಸ್ಸಿಗೆ ಭಾಲ್ಕಿ, ಅಲ್ಲಿಂದ ಔರಾದ, ಸಂಜೆ ಬೀದರಕ್ಕೆ ಬರುವ ಹೊತ್ತಿಗೆ ಅದು ಒಣಗಿರುತ್ತಿತ್ತು. ಆ ವರ್ಷ ಯಾವ ಹೋಟೆಲಿನಲ್ಲೂ ಚಹಾದ ಜೊತೆ ನೀರಿನ ಗ್ಲಾಸು ತಾನಾಗಿ ಬರುತ್ತಿರಲಿಲ್ಲ, ಕೇಳಬೇಕಿತ್ತು. ಕೇಳಲು ಅವನಿಗೆ ಸಂಕೋಚ. ಶಾಲುವಿನ ಅಪ್ಪ ಜನವಾಡದ ಗೆಳೆಯರ ಬಾವಿಯಿಂದ ಬೈಕಿಗೆ ಕ್ಯಾನು ಕಟ್ಟಿಕೊಂಡು ನೀರು ತರುತ್ತಿದ್ದರು. ಅದರಲ್ಲಿ ಅವಳ ಪಾಲು ಒಂದು ಬಿಂದಿಗೆ, ದುಕಾನಿನ ಮೂಲೆಯಲ್ಲಿ.

ಒಂದು ಸಂಜೆ ಬ್ಯಾಗು ಎತ್ತಿಕೊಂಡಾಗ ಭಾರವೆನ್ನಿಸಿತು. ತೆರೆದು ನೋಡಿದರೆ ಬಾಟಲಿ ತುಂಬಿತ್ತು.

ಅವನು ಅವಳ ಕಡೆ ನೋಡಿದ. ಅವಳು ಮಾಂಜಾದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದಳು. ಅವು ಆಗಲೇ ಬಣ್ಣದ ಪ್ರಕಾರ ಇದ್ದವು.

ಆಮೇಲೆ ಪ್ರತಿ ಸಲವೂ ತುಂಬುತ್ತಿತ್ತು. ಇಬ್ಬರೂ ಆ ಮಾತೆತ್ತಲಿಲ್ಲ. ಬಸ್ಸಿನ ಕಿಟಕಿಯ ಹೊರಗೆ ಬಿರಿದ ಹೊಲ ನೋಡುತ್ತ ಅವನು ಒಂದೊಂದೇ ಗುಟುಕು ಕುಡಿಯುತ್ತಿದ್ದ. ಬಾಯಾರಿಕೆ ಇದ್ದರೂ ಊರು ಬರುವವರೆಗೆ ಸ್ವಲ್ಪ ಉಳಿಸಿಕೊಳ್ಳುತ್ತಿದ್ದ.

ದೀಪಾವಳಿಯ ನಂತರ ಟೇಬಲ್ಲಿಗೆ ಜಗಳ ಬಂತು. ಕಾರಣ ಚಮಕಿಗಳು. ಒಬ್ಬ ತನ್ನ ಚಮಕಿಗೆ ಇಷ್ಟು ಸಾದಾ ಕಾರ್ಡು ಕೊಡು ಎಂದು ಕೇಳಿದರೆ, ಸುತ್ತ ನಿಂತವರೆಲ್ಲ ಬಾಯಿ ಹಾಕುತ್ತಿದ್ದರು. ಕೊಡಬ್ಯಾಡಲೇ, ಮುಳುಗ್ತಿ ಎಂದು ಒಬ್ಬ, ನಾ ಹೆಚ್ಚು ಕೊಡ್ತೇನಿ ಎಂದು ಇನ್ನೊಬ್ಬ. ದೊಡ್ಡವರು ಸಣ್ಣವರನ್ನು ಗದರಿಸಿ ಕಿತ್ತುಕೊಳ್ಳುವುದೂ ನಡೆಯಿತು. ಒಂದು ದಿನ ಅಂಗಿಯ ಗುಂಡಿಗಳು ಹರಿದವು. ಬೇಗಂ ಬೇಸತ್ತು, ಪತಂಗದವರು ಮಾಳಿಗೆಯ ಮೇಲೆ ಜಗಳಾಡುತ್ತಾರೆ, ಇವರು ನನ್ನ ತಲೆಯ ಮೇಲೆ ಎಂದು ಟೇಬಲ್ಲನ್ನೇ ಎತ್ತಿಸಲು ಹೊರಟರು.

ಶಾಲು ಒಂದು ವಾರದ ಅವಕಾಶ ಕೇಳಿಕೊಂಡಳು. ಮರುದಿನ ಮನೆಯಿಂದ ಅಪ್ಪನ ದಸ್ತಿ ತಂದಳು.

ದಸ್ತಿ ಅಂದರೆ ಅಂಗೈಯಗಲದ ಕರವಸ್ತ್ರ ಅಲ್ಲ, ಹೆಗಲ ಮೇಲೆ ಹಾಕುವಷ್ಟು ಅಗಲದ ಕೆಂಪು ಅಂಚಿನ ಬಟ್ಟೆ. ಗಾಂಧಿ ಗಂಜಿನ ಹಳಬರು ಇಂದಿಗೂ ಕೆಲವು ಸೌದಾ ಅದರ ಕೆಳಗೇ ಮಾಡುತ್ತಾರೆ. ಕುರಿ ಸಂತೆಯಲ್ಲಂತೂ ಅದೇ ಪದ್ಧತಿ. ಮಾರುವವನ ಕೈ, ಕೊಳ್ಳುವವನ ಕೈ, ಮೇಲೆ ಬಟ್ಟೆ. ಒಳಗೆ ಬೆರಳುಗಳು ಮಾತಾಡುತ್ತವೆ, ಬಾಯಿ ಮುಚ್ಚಿರುತ್ತದೆ. ನೋಡುವವರಿಗೆ ದರ ಗೊತ್ತಾಗುವುದಿಲ್ಲ, ಹಾಗಾಗಿ ನಡುವೆ ಬಾಯಿ ಹಾಕುವಂತಿಲ್ಲ.

ಶಾಲು ಎಲ್ಲರನ್ನೂ ಸುತ್ತ ನಿಲ್ಲಿಸಿ ಪದ್ಧತಿ ಹೇಳಿದಳು. ಹಿಡಿದ ಬೆರಳೆಷ್ಟೋ ಅಷ್ಟು ಕಾರ್ಡು. ಒಪ್ಪಿಗೆಯಾದರೆ ಎದುರಿನವನೂ ಬೆರಳು ಮಡಚಿ ಹಿಡಿಯುತ್ತಾನೆ. ಒಳಗೆ ಆದದ್ದನ್ನು ಹೊರಗೆ ಹೇಳಬಾರದು. ಯಾರು ಮೊದಲು ಕೈ ಎಳೆದುಕೊಳ್ಳುತ್ತಾರೋ ಸೌದಾ ಮುರಿದವರು ಅವರೇ.

"ತೋರಸ್ಲಿಕ್ಕ ಒಬ್ಬರು ಬೇಕು," ಎಂದಳು. ಯಾರ ಕಡೆಯೂ ನೋಡದೆ ಹೇಳಿದಳು. ಆದರೂ ಎಲ್ಲರೂ ಗೋರಖನಿಗೆ ದಾರಿ ಬಿಟ್ಟರು.

ಅವನು ಸಾಯಗಾಂವದ ಕುರಿಯವರ ಮನೆಯ ಮಗ. ನಡೆಯಲು ಕಲಿತಾಗಿನಿಂದ ದಸ್ತಿ ನೋಡಿದವನು. ಆದರೆ ಅದರ ಕೆಳಗೆ ಇಂಥ ಕೈಯನ್ನು ಭೇಟಿಯಾದದ್ದು ಮೊದಲ ಸಲ. ಬಳೆಯ ತಂಪು ತಾಗಿತು. ಅವಳು ಎರಡು ಬೆರಳು ಹಿಡಿದಳು. ಅವನು ಮೂರು ಕೇಳಬೇಕಿತ್ತು, ಮರೆತು ಎರಡಕ್ಕೇ ಒಪ್ಪಿದ. ಕಾಲೇಜಿನ ಹುಡುಗರಿಗೆ ಏನೂ ಕಾಣಲಿಲ್ಲ. ಅವನ ಕಿವಿ ಕೆಂಪಾದದ್ದು ಬದ್ರೋದ್ದೀನರಿಗೆ ಮಾತ್ರ ಕಂಡಿತು, ಟೇಲರ್ ಕಣ್ಣಲ್ಲವೇ.

ಪೂರಾ ಮುಷ್ಟಿ ಹಿಡಿದರೆ ಏನರ್ಥ ಎಂದು ಯಾರೋ ಕೇಳಿದರು. ಶಾಲು ನಕ್ಕಳು. ಅದು ಗಂಜಿನಲ್ಲಿ ವರ್ಷಕ್ಕೊಂದು ಸಲ ಆಗುವಂಥದ್ದು ಎಂದಳು. "ಚೀಲ ಬಿಚ್ಚಂಗಿಲ್ಲ, ಕಾಳು ನೋಡಂಗಿಲ್ಲ. ಕಲ್ಲು, ಕಸ, ಕಾಳು ಎಲ್ಲಾ ಸೇರಿ ಪೂರಾ ರಾಶಿ ನಂದು ಅಂದಂಗ."

ಜಗಳ ನಿಂತಿತು. ನಿಂತದ್ದಷ್ಟೇ ಅಲ್ಲ, ದಸ್ತಿ ನೋಡಲೆಂದೇ ಮಂದಿ ಬರತೊಡಗಿದರು. ಯಾರೋ ಮೊಬೈಲಿನಲ್ಲಿ ವಿಡಿಯೊ ಮಾಡಿ ಹರಿಬಿಟ್ಟರು. ಔರಾದದಲ್ಲಿ ಆಡುವ ಮಂದಿಯೇ ಊರಲ್ಲಿಲ್ಲ, ಎಲ್ಲ ಹೈದರಾಬಾದು, ಪುಣೆ ಸೇರಿದ್ದಾರೆಂದು ಅಲ್ಲಿಯ ಅಂಗಡಿಯವನು ಡಬ್ಬಿ ವಾಪಸು ಕೊಟ್ಟಿದ್ದ. ಆ ಡಬ್ಬಿಯನ್ನು ಶಾಲು ಇಟ್ಟುಕೊಂಡಳು. ಹೋದವರು ಹಬ್ಬಕ್ಕೆ ಬಂದೇ ಬರುತ್ತಾರೆ, ಬರುವಾಗ ಅಲ್ಲಿಯ ಕಾರ್ಡು ತರುತ್ತಾರೆ, ಬದಲಾಯಿಸಲು ಒಂದು ಜಾಗ ಬೇಕಲ್ಲ, ಅದು ನಮ್ಮದೇ ಆಗಲಿ ಎಂಬುದು ಅವಳ ಲೆಕ್ಕ. ಸಂಕ್ರಾಂತಿಗೆ ಮೂರೂ ಊರಿನವರದು ಒಂದು ಟೂರ್ನಮೆಂಟು ಎಂದು ಬೋರ್ಡು ಬರೆದಳು. ವ್ಯಾಪಾರ ಕಲಿಸಲು ಬಂದಿದ್ದ ಗೋರಖ ಆ ಬೋರ್ಡಿಗೆ ಮೊಳೆ ಹೊಡೆದ.

ಮೊಳೆ ಹೊಡೆಯುವಾಗ ಅವಳು ಸ್ಟೂಲು ಹಿಡಿದಿದ್ದಳು. ಸ್ಟೂಲು ಅಲುಗಾಡುತ್ತಿರಲಿಲ್ಲ.

ಮಾರ್ಗಶಿರದ ಒಂದು ಸಂಜೆ ಅವನು ಬಂದಾಗ ಟೇಬಲ್ಲು ಖಾಲಿಯಿತ್ತು. ಬೇಗಂ ಒಳಗೆ ನಮಾಜಿಗೆ ಹೋಗಿದ್ದರು. ಶಾಲು ಹೇಳಿದಳು: ಅಪ್ಪನಿಗೆ ಗೋದಾಮಿನ ಕೆಲಸ ಖಾತ್ರಿಯಾಗಿದೆ, ಹಬ್ಬದ ಮರುದಿನ ಹೊರಡುತ್ತಾರೆ. ದುಕಾನು ಉಳಿದರೆ ಬೇಗಂ ತಮ್ಮ ಮನೆಯ ಮೇಲಿನ ಕೋಣೆ ಕೊಡುತ್ತಾರೆ, ಇರುವುದಕ್ಕೆ ಅಪ್ಪ ಬೇಡ ಅನ್ನುವುದಿಲ್ಲ.

"ಆದ್ರ ಬರೇ ದುಕಾನಕ್ಕ ನಾ ಯಾಕ ಇರ್ಬೇಕು?" ಎಂದಳು.

ಗೋರಖನಿಗೆ ಉತ್ತರ ಗೊತ್ತಿತ್ತು. ಅವನು ಪೆನ್ನಿನ ಕ್ಯಾಪು ತೆಗೆದು ಮತ್ತೆ ಹಾಕಿದ.

ಅವಳು ಡ್ರಾ ಎಳೆದಳು. ಆಮೇಲೆ ಅಪ್ಪನ ದಸ್ತಿಯನ್ನು ಟೇಬಲ್ಲಿನ ಮೇಲೆ ಹರವಿದಳು, ಕೈ ಒಳಗಿಟ್ಟಳು. ಅವನೂ ಇಟ್ಟ. ಒಳಗೆ ಅವಳು ಬೆರಳು ಎಣಿಸಲಿಲ್ಲ. ಅವನ ಮುಷ್ಟಿಯನ್ನೇ ತನ್ನ ಅಂಗೈಯಲ್ಲಿ ಪೂರ್ತಿ ಹಿಡಿದಳು.

ಕಲ್ಲು, ಕಸ, ಕಾಳು ಎಲ್ಲ ಸೇರಿ.

ಅವಳ ಕಣ್ಣು ಮೇಲೆತ್ತಿತ್ತು. ಕೋಟೆ ಬೀಳುವ ಮುಂಚಿನ ನೋಟ ಅಲ್ಲ, ಇದು ಬೇರೆ. ಈ ಸಲ ಕೋಟೆಯ ಬಾಗಿಲು ತೆರೆದವಳು ಅವಳು. ಅವನ ಬೆರಳು ಬಿಚ್ಚಿಕೊಳ್ಳತೊಡಗಿದವು. ಅಷ್ಟರಲ್ಲಿ ಗಾಜಿನ ಬಾಗಿಲಿನ ಹೊರಗೆ ತಲೆಗೆ ಸುತ್ತಿದ ಒಂದು ಬಿಳಿ ಪಟಕಾ ನಿಂತದ್ದು ಕಂಡಿತು. ಅವನ ಕಾಕಾ, ಸಾಯಗಾಂವದ ಹಣಮಂತಪ್ಪ. ಕುರಿ ಮಾರಲು ಬೀದರಕ್ಕೆ ಬಂದವರು, ಅಣ್ಣನ ಮಗ ಹೋಗುವ ದುಕಾನು ಯಾವುದೆಂದು ಕೇಳಿಕೊಂಡು ಬಂದಿದ್ದರು.

ಗೋರಖ ಕೈ ಎಳೆದುಕೊಂಡ.

ಬೆಂಕಿ ತಾಗಿದವನಂತೆ ಎಳೆದುಕೊಂಡ. ದಸ್ತಿ ಅರ್ಧ ಸರಿಯಿತು. ಅದರ ಕೆಳಗೆ ಶಾಲುವಿನ ಅಂಗೈ, ಇನ್ನೂ ಹಿಡಿದಂತೆಯೇ ಬಾಗಿದ್ದು, ಖಾಲಿ.

ಅವಳು ಬಾಗಿಲಿನ ಕಡೆ ನೋಡಿದಳು, ಅವನನ್ನು ನೋಡಿದಳು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಡ್ರಾದಲ್ಲಿಟ್ಟಳು. ತೂಕದವರ ಮಗಳಿಗೆ ಕೈ ಎಳೆದದ್ದರ ಅರ್ಥ ಯಾರೂ ಹೇಳಿಕೊಡಬೇಕಿರಲಿಲ್ಲ. ಅವನಿಗೂ.

ಭಾಲ್ಕಿಯ ಬಸ್ಸಿನಲ್ಲಿ ಕಾಕಾ ಮೊದಲು ಕುರಿಯ ದರದ ಬಗ್ಗೆ ಹೇಳಿದರು. ಮೇವಿಲ್ಲದೆ ಎಲ್ಲರೂ ಮಾರುತ್ತಿದ್ದರಿಂದ ದರ ನೆಲ ಕಚ್ಚಿತ್ತು. ಆಮೇಲೆ ಮೊಣಕಾಲಿನ ಮೇಲಿನ ತಮ್ಮ ದಸ್ತಿಯನ್ನು ಸವರುತ್ತ ಕೇಳಿದರು.

"ಆ ಹುಡುಗಿ ಏನ್ ಮಾರ್ಲಿಕತ್ತಿತ್ತು?"

"ಏನೂ ಇಲ್ಲ ಕಾಕಾ."

"ಹಂಗಾದ್ರ ನೀ ಮಾರ್ಲಿಕತ್ತಿದ್ದಿ."

"ನಾನೂ ಅಲ್ಲ."

"ಇಬ್ಬರೂ ಮಾರಾಂಗಿಲ್ಲ, ಇಬ್ಬರೂ ಕೊಳ್ಳಾಂಗಿಲ್ಲ, ನಡು ದಸ್ತಿ ಯಾಕಪಾ?"

ಗೋರಖ ಹೇಳಿದ. ಹೇಳುವಾಗ ಹೊರಗೆ ನೋಡುತ್ತಿದ್ದ. ಅವಳ ಹೆಸರು ಹೇಳಿದ, ಪೂರಾ ಮುಷ್ಟಿಯ ಮಾತು ಹೇಳಿದ. ಕೊನೆಗೆ, ಅವರ ಮನೆಯಲ್ಲಿ ಬುದ್ಧನ ಫೋಟೊ ಇದೆ, ಜಾತಿ ಬೇರೆ ಎಂಬುದನ್ನೂ ಹೇಳಿದ. ಇವರ ಮನೆಯಲ್ಲಿದ್ದದ್ದು ಖಾನಾಪುರದ ಮೈಲಾರ ಮಲ್ಲಣ್ಣನ ಭಂಡಾರದ, ಅಂದರೆ ಅರಿಶಿನದ, ಬುಟ್ಟಿ. ಕಾಕಾ ಹಲಬರ್ಗಾ ದಾಟುವ ತನಕ ದಸ್ತಿಯನ್ನು ಮಡಚಿದರು, ಬಿಚ್ಚಿದರು.

"ಫೋಟೊದ ಮಾತು ಸಣ್ಣದಲ್ಲ," ಎಂದರು ಆಮೇಲೆ. "ಅದನ್ನ ನಿಮ್ಮವ್ವನ ಮುಂದ ನೀನೇ ಹೇಳ್ಬೇಕು, ನಾ ಹೇಳಂಗಿಲ್ಲ. ಆದ್ರ ಒಂದು ಕೇಳು. ನಾ ಬಾಗಲದಾಗ ನಿಂತದ್ದು ನೋಡಿ ಕೈ ತಗದಿ?"

"ಹೂಂ."

"ಮಳಿ ಬರ್ಲಿ, ಬಾಜೂ ಬೆಂಕಿ ಬೀಳ್ಲಿ, ಒಳಗಿನ ಕೈ ಒಳಗೇ ಇರ್ಬೇಕು. ಇಷ್ಟು ವರ್ಷದಾಗ ನಮ್ಮ ಮನ್ಯಾಗಿನವರು ಯಾರೂ ನಡು ಸೌದಾದಾಗ ಕೈ ಎಳದಿಲ್ಲ. ಒಪ್ಪಲಿಲ್ಲಂದ್ರ ಒಪ್ಪಲಿಲ್ಲ ಅಂತ ಬೆರಳಿಲೆ ಹೇಳಿ ಬಂದಾರ. ಆಕಿ ಪೂರಾ ರಾಶಿ ಕೇಳಿದ್ಲು. ನೀ ಓಡಿ ಬಂದಿ."

ಗೋರಖನಿಗೆ ಬೈಗುಳದ ನಿರೀಕ್ಷೆ ಇತ್ತು, ಈ ಬೈಗುಳದ್ದಲ್ಲ. ಇದು ನೇರ ತಾಗಿತು. ಮುರಿದದ್ದನ್ನು ಕೂಡಿಸುವುದು ಹ್ಯಾಂಗ ಎಂದು ಕೇಳಿದ.

"ಮುರದಾಂವ ತನ್ನ ದಸ್ತಿ ಹಾಸ್ಬೇಕು. ಕದ್ದು ಅಲ್ಲ, ಮಂದಿ ಎದುರು. ಕೈ ಇಟ್ಟು ಕುಂದರ್ಬೇಕು. ಆಕಿ ಬಂದ್ರ ಬಂದ್ಲು, ಇಲ್ಲಾಂದ್ರ ಇಲ್ಲ. ಕರಿಯಂಗಿಲ್ಲ."

ಮನೆಯಲ್ಲಿ ಅವ್ವ ಜನಾಬಾಯಿಗೆ ಹೇಳಿದ. ಅವಳು ಆ ರಾತ್ರಿ ಊಟಕ್ಕೆ ಬಡಿಸಿ ಎದ್ದು ಹೋದಳು, ಮರುದಿನವೂ ಹಾಗೇ. ಒಂದು ವಾರದ ಮೇಲೆ, ರೊಟ್ಟಿ ತಟ್ಟುತ್ತಿದ್ದವಳು ಬೆನ್ನು ತಿರುಗಿಸಿಯೇ, ಆ ಬಾಟಲಿಗೆ ನೀರು ತುಂಬುತ್ತಿದ್ದವರು ಯಾರೆಂದು ಕೇಳಿದಳು. ಎಷ್ಟೋ ತಿಂಗಳು ಖಾಲಿ ಬಾಟಲಿ ತರದಿದ್ದ ಮಗ ಈಗ ಮತ್ತೆ ತರುತ್ತಿದ್ದದ್ದನ್ನು ಅವಳು ಗಮನಿಸಿದ್ದಳು. ಗೋರಖ ಹೇಳಿದ. ಈ ಬರದಾಗ, ಎಂದಳು ಅವ್ವ. ಅಷ್ಟೇ ಎಂದಳು. ಒಪ್ಪಿಗೆ ಅಲ್ಲ ಅದು. ಆದರೆ ಅವತ್ತಿನಿಂದ ಊಟಕ್ಕೆ ಬಡಿಸಿ ಎದುರೇ ಕೂತಳು.

ಅಂಗಡಿಯಲ್ಲಿ ಬೇರೆ ಹವೆ. ಶಾಲು ಜಗಳವಾಡಲಿಲ್ಲ, ಮುಖ ಊದಿಸಿಕೊಳ್ಳಲಿಲ್ಲ. ಬರ್ರಿ, ಕೂಡ್ರಿ, ಡಬ್ಬಿ ಇಲ್ಲಿಡ್ರಿ ಎಂದು ಎಲ್ಲ ಸೇಲ್ಸ್‌ಮನ್ನರಿಗೆ ಹೇಳುವಂತೆ ಹೇಳಿದಳು. ಅವನು ಮಾತು ತೆಗೆಯುವಷ್ಟರಲ್ಲಿ ಗಿರಾಕಿಯ ಕಡೆ ತಿರುಗಿರುತ್ತಿದ್ದಳು. ಹೊರಡುವಾಗ ಬ್ಯಾಗು ಎತ್ತಿದರೆ ಹಗುರ. ಬಾಟಲಿ ತಂದಂತೆಯೇ ಇತ್ತು, ಒಣಗಿ.

ಅಪ್ಪನ ಜೊತೆ ತಾನೂ ಹೊರಡುವುದಾಗಿ ಅವಳು ಬೇಗಂಗೆ ಹೇಳಿಬಿಟ್ಟಿದ್ದಳು. ಗೋರಖನಿಗೆ ಅದನ್ನು ತಿಳಿಸಿದವರು ಬದ್ರೋದ್ದೀನ, ಅವನ ಅಂಗಿಯ ಅಳತೆ ತೆಗೆಯುತ್ತ. "ಎದಿ ಸಣ್ಣಗಾಗ್ಯದ ನೋಡ್ರಿ," ಎಂದರು. ಟೇಪಿನ ಮಾತೋ ಬೇರೆ ಮಾತೋ ಅವರು ಬಿಡಿಸಿ ಹೇಳಲಿಲ್ಲ.

ಸಂಕ್ರಾಂತಿಯ ದಿನ ಬೀದರಿನ ಆಕಾಶದಲ್ಲಿ ಪತಂಗ ಕಡಿಮೆಯಿದ್ದವು. ಆದರೆ ದುಕಾನಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಭಾಲ್ಕಿಯವರು ಬೆಳಗಿನ ಬಸ್ಸಿಗೆ ಬಂದಿದ್ದರು. ಹಬ್ಬಕ್ಕೆ ಊರಿಗೆ ಬಂದ ಔರಾದದವರು ಹೈದರಾಬಾದಿನ, ಪುಣೆಯ ಕಾರ್ಡುಗಳನ್ನು ರಬ್ಬರ್ ಬ್ಯಾಂಡು ಹಾಕಿ ತಂದಿದ್ದರು. ರಸ್ತೆಯ ಮೇಲೆ ಚಾಪೆ ಹಾಸಿ ಆಟ ನಡೆಯುತ್ತಿತ್ತು. ಕೇರಂ ಬೋರ್ಡುಗಳನ್ನು ಟೇಬಲ್ಲು ಮಾಡಿಕೊಂಡಿದ್ದರು. ಯಾರಿಗೋ ಒಂದು ಕೇರಂ ಬೋರ್ಡೂ ಮಾರಾಟವಾಯಿತು. ಬೇಗಂ ಮಧ್ಯಾಹ್ನದ ಹೊತ್ತಿಗೆ ಕಲಬುರಗಿಗೆ ಫೋನು ಮಾಡಿ, ತಾವು ಈ ವರ್ಷ ಬರುವುದಿಲ್ಲವೆಂದು ಮಗಳಿಗೆ ಹೇಳಿದರು.

ಫೋನು ಇಟ್ಟು ಶಾಲುವಿನ ಕಡೆ ನೋಡಿದರು. ದುಕಾನ ಉಳೀತು ಎಂಬ ಮಾತು ಅವರ ಮುಖದಲ್ಲೇ ಇತ್ತು. ಶಾಲು ತಲೆ ಆಡಿಸಿದಳು. ಅವಳ ಗಂಟು ಮನೆಯಲ್ಲಿ ಕಟ್ಟಿಯಾಗಿತ್ತು.

ಆಗ ಬಿಳಿ ಪಟಕಾ ಬಾಗಿಲಲ್ಲಿ ಬಗ್ಗಿ ಒಳಗೆ ಬಂತು. ಹಿಂದೆ ಗೋರಖನಾಥ. ಕಾಕಾ ಒಂದು ಪಕ್ಕಕ್ಕೆ ನಿಂತರು, ಹೆಗಲ ಮೇಲೆ ಅವರ ದಸ್ತಿ ಇರಲಿಲ್ಲ. ಅದು ಗೋರಖನ ಕೈಯಲ್ಲಿತ್ತು.

ಅವನು ನಡುವಿನ ಟೇಬಲ್ಲಿಗೆ ಬಂದು, ಆಡುತ್ತಿದ್ದವರನ್ನು ಜರಾ ಸರಿಯಿರಿ ಎಂದು ಕೇಳಿಕೊಂಡು, ಕುರಿ ವಾಸನೆಯ ಆ ಬಟ್ಟೆಯನ್ನು ಹರವಿದ. ಕುರ್ಚಿ ಎಳೆದು ಕೂತ. ಕೈ ಒಳಗಿಟ್ಟ. ಯಾರ ಜೊತೆ ಸೌದಾ ಎಂದು ಕಾಲೇಜಿನವರು ಕೇಳಿದರು. ಅವನು ಕೌಂಟರಿನ ಕಡೆ ನೋಡುತ್ತ ಕೂತ.

ಶಾಲು ನೋಡಿದಳು. ನೋಡಿ, ಪ್ಯಾಕೆಟ್ಟು ಕೇಳಿದವನಿಗೆ ಪ್ಯಾಕೆಟ್ಟು ಕೊಟ್ಟಳು. ಚಿಲ್ಲರೆ ಕೊಟ್ಟಳು. ಭಾಲ್ಕಿಯವರ ಹೆಸರು ಕೂಗಿ ಮುಂದಿನ ಆಟಕ್ಕೆ ಕೂರಿಸಿದಳು. ಮಾಂಜಾದ ಉಂಡೆಗಳನ್ನು ಮತ್ತೆ ಜೋಡಿಸಿದಳು. ಆಟಗಳು ಮುಗಿದವು, ಹೊಸವು ಶುರುವಾದವು. ಗೋರಖನ ಕೈಗೆ ಜೋಮು ಹಿಡಿಯಿತು. ಅವನು ತೆಗೆಯಲಿಲ್ಲ. ಯಾರೋ ಚಹಾ ತಂದರು, ಎಡಗೈಯಲ್ಲಿ ಕುಡಿದ. ನಡುವೆ ಗಂಜಿನಿಂದ ವೈಜಿನಾಥರು ಮಗಳನ್ನು ಕರೆದೊಯ್ಯಲು ಬಂದರು. ಹಾಸಿದ ದಸ್ತಿ, ಕೂತ ಹುಡುಗ, ಪಕ್ಕದಲ್ಲಿ ಕೈಕಟ್ಟಿ ನಿಂತ ಹಿರಿಯ, ಇಷ್ಟನ್ನೂ ಒಮ್ಮೆ ನೋಡಿದರು. ತೂಕದವರಿಗೆ ತಕ್ಕಡಿ ನಿಲ್ಲುವ ತನಕ ಬಾಯಿ ಬಿಡುವ ರೂಢಿಯಿಲ್ಲ. ಹಣಮಂತಪ್ಪನವರ ಪಕ್ಕ ಹೋಗಿ ನಿಂತರು.

ಶಾಲು ಕೊನೆಗೆ ಕೌಂಟರು ದಾಟಿ ಬಂದಳು. ಎದುರಿನ ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಈಗ ಬಾಗಲದಾಗ ಯಾರರೆ ನಿಂತ್ರ?" ಎಂದು ಕೇಳಿದಳು, ಅವನಿಗೆ ಮಾತ್ರ ಕೇಳುವಷ್ಟು.

"ನಾನೇ ಕರಕೊಂಡು ಬಂದೇನಿ," ಎಂದ ಗೋರಖ. "ನಮ್ಮವ್ವಗ ಹೇಳೇನಿ. ಆಕಿ ಇನ್ನೂ ಹೂಂ ಅಂದಿಲ್ಲ. ಇದ್ದದ್ದು ಇದ್ದಂಗ ಹೇಳ್ತೇನಿ. ಕಲ್ಲು, ಕಸ ಭಾಳ ಅದ ಈ ರಾಶ್ಯಾಗ."

ಅವಳು ಕೂತಳು. ದಸ್ತಿಯ ಅಂಚು ಎತ್ತಿ ಮೂಸಿ, ಮೂಗು ಮುರಿದಳು. ಆಮೇಲೆ ಕೈ ಒಳಗಿಟ್ಟಳು.

ಬಟ್ಟೆ ಒಂದು ಸಲ ಅಲುಗಿತು, ನಿಂತಿತು. ಹೊರಗಿನವರಿಗೆ ಅಷ್ಟೇ ಕಂಡದ್ದು. ಒಳಗೆ, ಈ ಸಲ ಮುಷ್ಟಿ ಹಿಡಿದವನು ಅವನು. ಅವಳ ಬೆರಳುಗಳು ತಕ್ಷಣ ಮಡಚಲಿಲ್ಲ. ಅವನ ಹೆಬ್ಬೆರಳ ಮೇಲೆ ಸ್ವಲ್ಪ ಹೊತ್ತು ನಿಂತವು, ಕಾಳಿನ ಚೀಲಕ್ಕೆ ಕೈ ಹಾಕಿ ನೋಡುವವರಂತೆ. ಆಮೇಲೆ ಒಂದೊಂದಾಗಿ ಮಡಚಿಕೊಂಡವು.

"ಎಷ್ಟಕ್ಕಾತು ಬೇಟಿ?" ಎಂದರು ಬೇಗಂ ಕೌಂಟರಿನಿಂದ.

"ಒಳಗಿಂದು ಹೊರಗ ಹೇಳಂಗಿಲ್ಲರಿ ಆಪಾ," ಎಂದಳು ಶಾಲು. "ನಾನೇ ಮಾಡಿದ ಪದ್ಧತಿ."

ಬದ್ರೋದ್ದೀನ ಮಂದಿಯನ್ನು ಸರಿಸಿಕೊಂಡು ಬಂದು ಒಂದು ಪ್ಯಾಕೆಟ್ಟು ಕೇಳಿದರು. ಶಾಲು ಎಡಗೈ ಚಾಚಿ, ಡಬ್ಬಿಯನ್ನು ಹತ್ತಿರ ಎಳೆದುಕೊಂಡು, ಮೇಲಿನದೊಂದನ್ನು ತೆಗೆದು ಕೊಟ್ಟಳು. ಬಲಗೈ ಹೊರಗೆ ಬರಲಿಲ್ಲ. ಟೇಲರ್ ಹಲ್ಲಿನಿಂದ ಪ್ಯಾಕೆಟ್ಟು ಹರಿದರು. ಮೊದಲು ಬಂದದ್ದು ಕಪ್ಪೆ.